ಹೂವಿನ ಮೇಲೆ ಕೂತಿರೋದು ಜೇನುಹುಳನಾ, ಜೇನಿನ ವೇಷದ ನೊಣನಾ ಅಂತ ಹೇಗೆ ಗೊತ್ತಾಗುತ್ತೆ?

ಹಳದಿ ಕಪ್ಪು ಪಟ್ಟೆ ನೋಡಿ ಡಿಸೈಡ್ ಮಾಡ್ಬೇಡಿ, ಮೋಸ ಹೋಗೋದೇ ಅಲ್ಲಿ. ಮುಖ ನೋಡಿ. ನೊಣಕ್ಕೆ ತಲೆ ತುಂಬಾ ಕಣ್ಣೇ, ಮೀಸೆ ಅಂತೂ ಇದೆಯೋ ಇಲ್ವೋ ಅನ್ನೋಷ್ಟು ಗಿಡ್ಡ. ಜೇನಿಗೆ ಕಣ್ಣು ತಲೆಯ ಎರಡು ಪಕ್ಕಕ್ಕಿರುತ್ತೆ, ಮೀಸೆ ಉದ್ದಕ್ಕೆ ಮೊಣಕೈ ಥರ ಮಡಚಿರುತ್ತೆ. ಜೇನಿಗೆ 4 ರೆಕ್ಕೆ, ನೊಣಕ್ಕೆ 2 ಅಂತಾರೆ, ನಿಜಾನೇ, ಆದ್ರೆ ಜೇನಿನ ಹಿಂದಿನ ರೆಕ್ಕೆ ಸಣ್ಣ ಕೊಕ್ಕೆಗಳಿಂದ ಮುಂದಿನದಕ್ಕೆ ಸಿಕ್ಕಿಕೊಂಡು ಎರಡೂ ಸೇರಿ ಒಂದೇ ರೆಕ್ಕೆ ಥರ ಕಾಣೋದ್ರಿಂದ ಎಣಿಸೋಕೆ ಕಷ್ಟ. ಹಿಂಗಾಲಲ್ಲಿ ಪರಾಗದ ಉಂಡೆ ಇದ್ರೆ ಜೇನೇ. ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಂತು ಪಟ್ ಅಂತ ಪಕ್ಕಕ್ಕೆ ಹಾರಿದ್ರೆ ಹೆಚ್ಚಾಗಿ ನೊಣ, ಪಾಪ ಅದು ಚುಚ್ಚಲ್ಲ, ಓಡಿಸ್ಬೇಡಿ, ಎಷ್ಟೋ ಜಾತಿಗಳ ಮರಿಹುಳ ಗಿಡದ ಹೇನು ತಿಂದೇ ಬೆಳೆಯುತ್ತೆ.