ಗೇಮ್ ಕನ್ಸೋಲ್ ಕೊಂಡರೆ ಕ್ಯಾಮೆರಾ, ಮೈಕ್ ಕೂಡ ಕೊಳ್ಳಲೇಬೇಕೆ?

ಪ್ರಶ್ನೆ: ಸರ್, ನಾವು ಹಾಸನದ ವಿದ್ಯಾನಗರದವರು. ಎಂಟನೇ ಕ್ಲಾಸಿನ ಮಗ, ಐದನೇ ಕ್ಲಾಸಿನ ಮಗಳು ರಜೆಗೆ ವಿಡಿಯೊ ಗೇಮ್ ಬೇಕೆಂದು ಹಠ ಹಿಡಿದಿದ್ದಾರೆ. ಹೊಸದು ನಮ್ಮ ಕೈಗೆಟುಕುವುದಿಲ್ಲ. ಪರಿಚಯದ ಅಂಗಡಿಯವರು ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ತೋರಿಸಿದರು. ಅದರ ಜೊತೆ, ಮೈ ಕೈ ಆಡಿಸಿ ಗೇಮ್ ಆಡಲು ಇರುವ ಕಿನೆಕ್ಟ್ ಎಂಬ ಕ್ಯಾಮೆರಾ–ಮೈಕ್ ಸಾಧನವನ್ನೂ ತೆಗೆದುಕೊಳ್ಳಲೇಬೇಕಂತೆ, ಬಿಡಿಯಾಗಿ ಕೊಡುವುದಿಲ್ಲವಂತೆ. ‘ಕಂಪನಿಯವರೇ ಸೇರಿಸಿ ಮಾರಿದ್ದು ಮೇಡಂ’ ಎನ್ನುತ್ತಾರೆ. ನಮ್ಮದು 10x12 ಅಡಿಯ ಹಾಲ್. ಅತ್ತೆಯವರು ಹಗಲೆಲ್ಲ ಅಲ್ಲೇ ಕೂರುತ್ತಾರೆ, ರಾತ್ರಿ ಅಲ್ಲೇ ದಿವಾನದ ಮೇಲೆ ಮಲಗುತ್ತಾರೆ. ಟಿವಿಯ ಪಕ್ಕ ಸದಾ ಒಂದು ಕ್ಯಾಮೆರಾ ಕಣ್ಣು ಬಿಟ್ಟುಕೊಂಡಿರುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳು ಕುಣಿದು ಆಡಿದರೆ ಮೈಗೆ ಒಳ್ಳೆಯದು ಎಂದು ನಮ್ಮ ಯಜಮಾನರ ವಾದ. ಏನು ಮಾಡಲಿ?
– ಗೃಹಿಣಿ, ಹಾಸನ

ಉತ್ತರ: ಕನ್ಸೋಲ್ ಬೇಕಿದ್ದರೆ ಕೊಳ್ಳಿ. ಕಿನೆಕ್ಟ್‌ಗೆಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಅದಿಲ್ಲದೆ ಎಕ್ಸ್‌ಬಾಕ್ಸ್ ಒನ್ ಚೆನ್ನಾಗಿಯೇ ಓಡುತ್ತದೆ. ಟಿವಿ, ಗೇಮ್ ಕನ್ಸೋಲ್‌ಗಳನ್ನು ಜೋಡಿಸುತ್ತ, ರಿಪೇರಿ ಮಾಡುತ್ತ ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಎಷ್ಟೋ ಹಾಲ್‌ಗಳಲ್ಲಿ ನಿಂತಿದ್ದೇನೆ. ಈ ಮಾತನ್ನು ಆ ಅನುಭವದಿಂದಲೇ ಹೇಳುತ್ತಿದ್ದೇನೆ.

‘ಕಂಪನಿಯವರೇ ಸೇರಿಸಿ ಮಾರಿದ್ದು’ ಎಂಬುದು ಅರ್ಧ ನಿಜ. ಉಳಿದರ್ಧವನ್ನು ಅಂಗಡಿಯವರು ಹೇಳಿಲ್ಲ. 2013ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಬಿಡುಗಡೆ ಮಾಡಿದಾಗ ಪ್ರತಿ ಡಬ್ಬದಲ್ಲೂ ಕಿನೆಕ್ಟ್ ಇತ್ತು. ಬೆಲೆ 499 ಡಾಲರ್. ಅದೇ ತಿಂಗಳು ಬಂದ ಸೋನಿಯ ಪ್ಲೇಸ್ಟೇಷನ್ 4ಕ್ಕೆ 399 ಡಾಲರ್, ಅದರ ಕ್ಯಾಮೆರಾ ಬೇಕಾದವರಿಗೆ ಬಿಡಿಯಾಗಿ ಸಿಗುತ್ತಿತ್ತು. ಮೊದಮೊದಲು ಮೈಕ್ರೋಸಾಫ್ಟ್, ಕಿನೆಕ್ಟ್ ಸಿಕ್ಕಿಸದಿದ್ದರೆ ಕನ್ಸೋಲ್ ಕೆಲಸವನ್ನೇ ಮಾಡುವುದಿಲ್ಲ ಎಂದಿತ್ತು. ಜನ ತಿರುಗಿಬಿದ್ದ ಮೇಲೆ, ಬಿಡುಗಡೆಗೂ ಮುಂಚೆ, ಆಗಸ್ಟ್‌ನಲ್ಲಿ ಆ ನಿಯಮ ಕೈಬಿಟ್ಟಿತು. 2014ರ ಜೂನ್ 9ರಿಂದ ಕಿನೆಕ್ಟ್ ಇಲ್ಲದ ಎಕ್ಸ್‌ಬಾಕ್ಸ್ ಒನ್ 399 ಡಾಲರ್‌ಗೆ ಮಾರಾಟಕ್ಕೆ ಬಂತು. ಕಂಪನಿಯೇ ಏಳು ತಿಂಗಳಲ್ಲಿ ಬಿಚ್ಚಿದ ಗಂಟನ್ನು ಇಷ್ಟು ವರ್ಷಗಳ ಮೇಲೆ ನಿಮ್ಮ ಅಂಗಡಿಯವರು ಮತ್ತೆ ಕಟ್ಟುತ್ತಿದ್ದಾರೆ.

ಹಾಗೆಂದು ಸೇರಿಸಿ ಮಾರುವುದರ ಹಿಂದೆ ತರ್ಕವೇ ಇರಲಿಲ್ಲ ಎನ್ನಲಾರೆ. 2010ರ ನವೆಂಬರ್‌ನಲ್ಲಿ ಮೊದಲ ಕಿನೆಕ್ಟ್ ಬಂದದ್ದು ಹಳೆಯ ಎಕ್ಸ್‌ಬಾಕ್ಸ್ 360ಕ್ಕೆ ಬಿಡಿ ಸಾಧನವಾಗಿ. 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. 2013ರ ಹೊತ್ತಿಗೆ 7.6 ಕೋಟಿ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗಳಿಗೆ 2.4 ಕೋಟಿ ಕಿನೆಕ್ಟ್ ಇದ್ದವು. ಅಂದರೆ ಹೆಚ್ಚುಕಡಿಮೆ ಮೂರು ಮನೆಗೆ ಒಂದು. ಗೇಮ್ ತಯಾರಿಸುವವನ ಜಾಗದಲ್ಲಿ ನಿಂತು ಯೋಚಿಸಿ. ಮೂರರಲ್ಲಿ ಎರಡು ಮನೆಯವರು ಆಡಲಾಗದ ಆಟಕ್ಕೆ ಅವನು ಹಣ, ವರ್ಷಗಟ್ಟಲೆ ಶ್ರಮ ಸುರಿಯುತ್ತಾನೆಯೇ? ಆಟ ಇಲ್ಲ ಎಂದು ಜನ ಸಾಧನ ಕೊಳ್ಳುವುದಿಲ್ಲ, ಸಾಧನ ಇಲ್ಲ ಎಂದು ಅವನು ಆಟ ಮಾಡುವುದಿಲ್ಲ. ಪ್ರತಿ ಡಬ್ಬದಲ್ಲೂ ಇಟ್ಟುಬಿಟ್ಟರೆ ಈ ತೊಡಕು ಬಿಡುತ್ತದೆ ಎಂದು ಕಂಪನಿ ಲೆಕ್ಕ ಹಾಕಿತು. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದ ಖರ್ಚನ್ನು ಕೊಳ್ಳುವವರ ತಲೆಗೆ ಕಟ್ಟಿದ್ದು ನನಗೆ ಒಪ್ಪಿಗೆಯಾಗದ ಭಾಗ.

ಆ ಖರ್ಚು ನೂರು ಡಾಲರಿಗೇ ಮುಗಿಯಲಿಲ್ಲ. ಚಿತ್ರ ಮೂಡಿಸುವ ಚಿಪ್‌ನ ಶಕ್ತಿಯಲ್ಲಿ ಶೇ 10ರಷ್ಟನ್ನು ಕಿನೆಕ್ಟ್‌ಗೆಂದು ತೆಗೆದಿಡಲಾಗಿತ್ತು. ಕಿನೆಕ್ಟ್ ಮುಟ್ಟದವನ ಕಾರ್ ರೇಸಿಗೂ ಆ ಶಕ್ತಿ ಸಿಗುತ್ತಿರಲಿಲ್ಲ. ಕಿನೆಕ್ಟ್ ಇಲ್ಲದ ಮಾದರಿ ಬಂದ ಮೇಲೆಯೇ ಗೇಮ್ ತಯಾರಕರಿಗೆ ಅದು ಬಿಟ್ಟುಕೊಟ್ಟದ್ದು. ಇನ್ನು ಕರೆಂಟು. ‘ಎಕ್ಸ್‌ಬಾಕ್ಸ್ ಆನ್’ ಎಂದು ಯಾರಾದರೂ ಕೂಗಿಯಾರು ಎಂದು ಕಿವಿಗೊಟ್ಟು ಕಾಯುವ ಸ್ಥಿತಿಯಲ್ಲಿ ಕನ್ಸೋಲ್ ಸುಮಾರು 15 ವಾಟ್ ಎಳೆಯುತ್ತಿತ್ತು. ಹಗಲೂ ರಾತ್ರಿ ಹಾಗೇ ಬಿಟ್ಟರೆ ತಿಂಗಳಿಗೆ ಹೆಚ್ಚುಕಡಿಮೆ 11 ಯೂನಿಟ್, ಯಾರೂ ಆಡದೆಯೇ. ಗೃಹಜ್ಯೋತಿಯಲ್ಲಿ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಹೆಚ್ಚುವರಿ ಎಂಬ ಲೆಕ್ಕ ನಿಮಗೆ ಗೊತ್ತೇ ಇದೆ. ತಿಂಗಳಿಗೆ 90 ಯೂನಿಟ್ ಸರಾಸರಿ ಇರುವ ಮನೆಗೆ ಸಿಗುವ ಆ 9 ಯೂನಿಟ್‌ಗಳನ್ನು ಈ ಕಾಯುವಿಕೆಯೊಂದೇ ನುಂಗಿಬಿಡುತ್ತದೆ. ಕಿನೆಕ್ಟ್ ತೆಗೆದುಕೊಂಡರೂ ಬಿಟ್ಟರೂ, ಸೆಟ್ಟಿಂಗ್ಸ್‌ನಲ್ಲಿ ವಿದ್ಯುತ್ ಉಳಿತಾಯದ ಮೋಡ್ ಇಟ್ಟುಕೊಳ್ಳಿ.

ಹಾಗಾದರೆ ಚಲನೆ, ಮಾತು ಗುರುತಿಸುವ ಸೆನ್ಸರ್‌ಗಳನ್ನು ಕನ್ಸೋಲ್ ಜೊತೆ ಕೊಡಲೇಬಾರದೆ? ಕೊಡಬಹುದು. ಅಂದವಾಗಿ ಕೊಟ್ಟ ಉದಾಹರಣೆಯೂ ಇದೆ. 2006ರಲ್ಲಿ ನಿಂಟೆಂಡೊ ಕಂಪನಿ ‘ವೀ’ ಎಂಬ ಕನ್ಸೋಲ್ ತಂದಿತು. ನಮ್ಮ ಕಡೆ ಹೊರದೇಶದ ನೆಂಟರು ತಂದುಕೊಟ್ಟದ್ದನ್ನೇ ನಾನು ಹೆಚ್ಚು ನೋಡಿರುವುದು. ಅದರ ರಿಮೋಟ್ ಒಳಗೆ ಚಲನೆ ಗುರುತಿಸುವ ಪುಟ್ಟ ಚಿಪ್ ಇದೆ, ತುದಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಕಾಣುವ ಸಣ್ಣ ಕ್ಯಾಮೆರಾ ಇದೆ. ಟಿವಿ ಮೇಲಿಡುವ ಪಟ್ಟಿಗೆ ‘ಸೆನ್ಸರ್ ಬಾರ್’ ಎಂದು ಹೆಸರಾದರೂ ಅದರಲ್ಲಿ ಸೆನ್ಸರೇ ಇಲ್ಲ. ಎರಡು ತುದಿಗಳಲ್ಲಿ ಅವಗೆಂಪು ದೀಪಗಳಿವೆ, ಅಷ್ಟೆ. ಪಟ್ಟಿ ಕೆಟ್ಟಾಗ ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು ಆಡಿದವರಿದ್ದಾರೆ, ಆಟ ನಡೆಯುತ್ತದೆ.

ನಿಮ್ಮ ಅಳುಕಿಗೆ ಉತ್ತರ ಇಲ್ಲೇ ಇದೆ. ವೀಯಲ್ಲಿ ಕಣ್ಣು ಆಡುವವರ ಕೈಯಲ್ಲಿದೆ, ಅದು ಟಿವಿ ಕಡೆಗೆ ನೋಡುತ್ತದೆ, ಅದಕ್ಕೆ ಕಾಣುವುದು ಎರಡು ಬೆಳಕಿನ ಚುಕ್ಕೆ. ಕಿನೆಕ್ಟ್‌ನಲ್ಲಿ ಕಣ್ಣು ಟಿವಿಯ ಬಳಿ ಕೂತು ಮನೆಯೊಳಗೆ ನೋಡುತ್ತದೆ, ಅದಕ್ಕೆ ನಿಮ್ಮ ಅತ್ತೆಯವರು, ದಿವಾನ, ಅಡುಗೆಮನೆ ಬಾಗಿಲು ಎಲ್ಲ ಕಾಣುತ್ತದೆ. ಮೊದಲನೆಯದನ್ನು ಡಬ್ಬದಲ್ಲೇ ಕೊಟ್ಟರೆ ಯಾರಿಗೂ ತೊಂದರೆಯಿಲ್ಲ: ಅಗ್ಗ, ಕೈಯಿಂದ ಕೆಳಗಿಟ್ಟರೆ ಮುಗಿಯಿತು. ಎರಡನೆಯದನ್ನು ಬೇಕೆಂದು ಕೇಳಿದವರಿಗೆ ಮಾತ್ರ ಕೊಡಬೇಕು. ಗೇಮ್ ಕಂಪನಿಗಳೂ ಈಗ ಹೆಚ್ಚಾಗಿ ಇಲ್ಲಿಗೇ ಬಂದು ನಿಂತಿವೆ. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಪ್ಲೇಸ್ಟೇಷನ್ 5ರ ಕಂಟ್ರೋಲರ್ ಒಳಗೇ ಚಲನೆಯ ಸೆನ್ಸರ್ ಇದೆ, ಮೈಕ್ ಇದೆ, ಆ ಮೈಕ್ ಮುಚ್ಚಲು ಬೆರಳಿಗೇ ಸಿಗುವ ಗುಂಡಿ ಇದೆ. ಕ್ಯಾಮೆರಾ ಮಾತ್ರ ಬೇರೆ ಕೊಳ್ಳಬೇಕು. ಆ ಗುಂಡಿಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಇನ್ನು ನಿಮ್ಮ ಹಾಲ್. ಎಕ್ಸ್‌ಬಾಕ್ಸ್ 360ರ ಕಿನೆಕ್ಟ್‌ಗೆ ಒಬ್ಬರು ಆಡಲು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕಿತ್ತು. ಎಕ್ಸ್‌ಬಾಕ್ಸ್ ಒನ್‌ನದು ಇನ್ನೂ ಹತ್ತಿರದಿಂದ ಗುರುತಿಸುತ್ತದೆ. ಆದರೆ 10x12ರಲ್ಲಿ ಶೋಕೇಸು, ದಿವಾನ, ಟೀಪಾಯಿ ಕಳೆದರೆ ಉಳಿಯುವುದೆಷ್ಟು? ಮಗ ಕೈ ಬೀಸಿದರೆ ಮಗಳ ಮೂಗಿಗೆ. ಪಡುವಣ ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಅದರ ಕಣ್ಣು ಮಂಕಾಗುತ್ತದೆ, ಏಕೆಂದರೆ ಅದು ನೋಡುವುದೂ ಅವಗೆಂಪು ಬೆಳಕಿನಲ್ಲೇ. ಇನ್ನೊಂದನ್ನು ನಾನು ಚಿಕ್ಕಮಗಳೂರಿನ ಒಂದು ಮನೆಯಲ್ಲಿ ಕಂಡೆ. ಮೊಮ್ಮಕ್ಕಳು ಅಜ್ಜಿಯನ್ನು ಆಸೆಯಿಂದ ಕಿನೆಕ್ಟ್ ಮುಂದೆ ನಿಲ್ಲಿಸಿದರು. ಎರಡು ಕಾಲುಗಳ ನಡುವಿನ ಸಂದು ಕಂಡರೆ ತಾನೆ ಅದು ಮೊಣಕಾಲು, ಪಾದ ಎಂದು ಲೆಕ್ಕ ಹಾಕುವುದು? ಸೀರೆಯ ನೆರಿಗೆಯಲ್ಲಿ ಅದಕ್ಕೆ ಕಾಲೇ ಸಿಗಲಿಲ್ಲ. ಪರದೆಯ ಮೇಲಿನ ಗೊಂಬೆ ಕುಂಟಿತು, ಅಜ್ಜಿ ‘ನಂಗೆ ಬರಲ್ಲ ಬಿಡ್ರೋ’ ಎಂದು ಕೂತುಬಿಟ್ಟರು. ಅವರಿಗೆ ಬರದೇ ಇರಲಿಲ್ಲ, ಯಂತ್ರಕ್ಕೆ ಸೀರೆ ಗೊತ್ತಿರಲಿಲ್ಲ. ಅದೇ ಅಜ್ಜಿ ಮುಂದೊಂದು ದಿನ ವೀ ರಿಮೋಟ್ ಹಿಡಿದು ಸೋಫಾದ ಮೇಲೆ ಕೂತೇ ಬೌಲಿಂಗ್ ಆಡಿದ್ದನ್ನೂ ಕಂಡಿದ್ದೇನೆ.

ಧ್ವನಿಯ ಕಥೆಯೂ ಹೀಗೆಯೇ. ಕಿನೆಕ್ಟ್‌ನಲ್ಲಿ ನಾಲ್ಕು ಮೈಕ್‌ಗಳಿವೆ. ಟಿವಿಗೆ ತಾನೇ ಕಳಿಸುತ್ತಿರುವ ಶಬ್ದ ಯಾವುದೆಂದು ಕನ್ಸೋಲ್‌ಗೆ ಗೊತ್ತಿರುವುದರಿಂದ, ಕೇಳಿಸಿದ್ದರಲ್ಲಿ ಅದನ್ನು ಕಳೆದು ನಿಮ್ಮ ಮಾತನ್ನಷ್ಟೇ ಹಿಡಿಯುತ್ತದೆ. ಬಹಳ ಚೆಂದದ ಉಪಾಯ. ಆದರೆ ಆಷಾಢದ ಮಳೆ ಸಕಲೇಶಪುರದ ತಗಡಿನ ಮಾಡಿನ ಮೇಲೆ ಬಡಿಯುವ ಸದ್ದು ಅದು ಕಳಿಸಿದ್ದಲ್ಲವಲ್ಲ! ಅಲ್ಲೊಂದು ಮನೆಯಲ್ಲಿ ಹುಡುಗ ಗಂಟಲು ಹರಿಯುವಂತೆ ಕೂಗಿ ಕೊನೆಗೆ ಎದ್ದುಹೋಗಿ ಗುಂಡಿ ಒತ್ತಿದ. ಅದಕ್ಕೆ ಕನ್ನಡವಂತೂ ಬರುತ್ತಲೇ ಇರಲಿಲ್ಲ. ಅಜ್ಜ, ಅಜ್ಜಿ ತಮ್ಮ ಮಾತಿನಲ್ಲಿ ಹೇಳಿ ನಡೆಸಬಲ್ಲ ಯಂತ್ರವಾಗಿದ್ದರೆ ನನ್ನ ಉತ್ತರ ಸ್ವಲ್ಪ ಬೇರೆಯಾಗುತ್ತಿತ್ತೇನೋ.

ಕ್ಯಾಮೆರಾ ಬಗ್ಗೆ ನಿಮ್ಮ ಅಳುಕು ಅತಿಯಾದದ್ದೇನೂ ಅಲ್ಲ. 2013ರ ಮೇ 21ರಂದು ಎಕ್ಸ್‌ಬಾಕ್ಸ್ ಒನ್ ಮೊದಲ ಬಾರಿ ತೋರಿಸಿದರು. ಎರಡೇ ವಾರದಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಅಮೆರಿಕದ ಗೂಢಚರ್ಯೆಯ ದಾಖಲೆಗಳಲ್ಲಿ ಮೈಕ್ರೋಸಾಫ್ಟ್ ಹೆಸರೂ ಕಾಣಿಸಿತು. ಸರ್ಕಾರಕ್ಕೆ ನೇರ ಪ್ರವೇಶ ಕೊಟ್ಟಿಲ್ಲ ಎಂದು ಕಂಪನಿ ಹೇಳಿತು. ಕಿನೆಕ್ಟ್ ಕಂಡದ್ದು ನಿಮ್ಮ ಒಪ್ಪಿಗೆಯಿಲ್ಲದೆ ಕನ್ಸೋಲ್ ಬಿಟ್ಟು ಹೋಗುವುದಿಲ್ಲ ಎಂದೂ ಹೇಳಿತು. ಆ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಕಾರಣವಿಲ್ಲ. ಆದರೆ ಒಪ್ಪಿಗೆಯ ಗುಂಡಿ ಒತ್ತುವವನು ನಿಮ್ಮ ಮಗ, ಕ್ಯಾಮೆರಾ ಮುಂದೆ ನಿದ್ದೆ ಮಾಡುವವರು ನಿಮ್ಮ ಅತ್ತೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮದೇ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 80 ದಾಟಿದ ಮೇಲೆ ಅವರು ಆ ಮೊಕದ್ದಮೆ ಹೂಡಿದ್ದು. ಮನೆಯ ಹಿರಿಯರ ಖಾಸಗಿತನವನ್ನೂ ಅಷ್ಟೇ ಗಂಭೀರವಾಗಿ ನೋಡೋಣ. ಬಟ್ಟೆ ಮುಚ್ಚಿದರೆ ಸಾಲದು, ಮೈಕ್ ಕೇಳುತ್ತಲೇ ಇರುತ್ತದೆ. ಕನ್ಸೋಲ್ ಹಿಂದಿನ ಕಿನೆಕ್ಟ್ ವೈರ್ ಕಿತ್ತಿಡುವುದೇ ಖಾತ್ರಿಯ ದಾರಿ.

ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಕ್ಕಳು ಬೆವರುವಷ್ಟು ಕುಣಿಯುತ್ತಾರೆ, ನಿಜ. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಆ ಉಮೇದು ಎರಡು ಮೂರು ವಾರಕ್ಕೆ ಮುಗಿದು, ಕಿನೆಕ್ಟ್ ಶೋಕೇಸಿನಲ್ಲಿ ಧೂಳು ಹಿಡಿದಿತ್ತು. ಕುಣಿತವೇ ಮುಖ್ಯವಾದರೆ ಯಾರಾದರೂ ನೆಂಟರ ವೀ ಒಂದು ವಾರ ತಂದು ನೋಡಿ, ಆಮೇಲೆ ತೀರ್ಮಾನಿಸಿ.

ಅಂಗಡಿಗೆ ಹೋದಾಗ ಅವರ ಎದುರೇ ಕಿನೆಕ್ಟ್ ವೈರ್ ತೆಗೆಸಿ ಕನ್ಸೋಲ್ ಆನ್ ಮಾಡಿಸಿ, ಒಂದು ಆಟವನ್ನು ಅರ್ಧ ಗಂಟೆ ಓಡಿಸಿ, ಫ್ಯಾನ್ ಸದ್ದು, ಡಿಸ್ಕ್ ಓದುವುದು ನೋಡಿ. ಹಳೆಯ ಮಾಲೀಕರ ಖಾತೆ ಅಳಿಸಿ ಫ್ಯಾಕ್ಟರಿ ರಿಸೆಟ್ ಮಾಡಿಸಿಕೊಳ್ಳಿ. ಮಾದರಿಯ ಹೆಸರಿನಲ್ಲಿ ‘ಎಸ್’ ಇದ್ದರೆ ಅದರಲ್ಲಿ ಕಿನೆಕ್ಟ್ ಸಿಕ್ಕಿಸುವ ಕಿಂಡಿಯೇ ಇರುವುದಿಲ್ಲ, ಬೇರೆ ಅಡಾಪ್ಟರ್ ಬೇಕು. ಆ ಅಡಾಪ್ಟರ್ ತಯಾರಿಕೆ 2018ರಲ್ಲೇ ನಿಂತಿದೆ. ಕಿನೆಕ್ಟ್ ತಯಾರಿಕೆ ನಿಂತದ್ದು 2017ರಲ್ಲಿ. ಇದಿಷ್ಟನ್ನೂ ನೀವು ತಿಳಿದಿದ್ದೀರಿ ಎಂದು ಗೊತ್ತಾದರೆ ಅಂಗಡಿಯವರು ಬಿಡಿಯಾಗಿ ಕೊಡಲು ಒಪ್ಪುತ್ತಾರೆ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಮನೆಯ ಕಣದಲ್ಲಿ ಒಣಗಿಸುವ ಕಾಫಿ ರಾಶಿಯ ಗಾತ್ರವನ್ನು ಕ್ಯಾಮೆರಾದಿಂದ ಅಳೆಯುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಹಳೆಯ ಕಿನೆಕ್ಟ್ ಸಾಕಾಗುತ್ತದೆಯೇ?
– ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಸಾಕಾಗುತ್ತದೆ. ಗೇಮಿಗಿಂತ ನಿಮ್ಮಂಥವರ ಕೈಯಲ್ಲೇ ಕಿನೆಕ್ಟ್ ಹೆಚ್ಚು ಬಾಳಿದ್ದು. 2010ರಲ್ಲಿ ಅದು ಬಿಡುಗಡೆಯಾದ ಒಂದು ವಾರದೊಳಗೇ ಅದನ್ನು ಕಂಪ್ಯೂಟರಿಗೆ ಜೋಡಿಸುವ ಮುಕ್ತ ತಂತ್ರಾಂಶ ಸಿದ್ಧವಾಯಿತು, ಇಂದಿಗೂ ಅದು ಉಚಿತ. ಎಕ್ಸ್‌ಬಾಕ್ಸ್ 360ರ ಕಿನೆಕ್ಟ್ ಸಾಧಾರಣ ಯುಎಸ್‌ಬಿಗೆ ಹೊಂದುತ್ತದೆ, ಪವರ್ ಅಡಾಪ್ಟರ್ ಜೊತೆಗಿರುವುದನ್ನೇ ಕೊಳ್ಳಿ. ಎಕ್ಸ್‌ಬಾಕ್ಸ್ ಒನ್‌ನದಕ್ಕೆ ಯುಎಸ್‌ಬಿ 3.0 ಬೇಕು, ಕಂಪ್ಯೂಟರಿನ ಅಡಾಪ್ಟರ್ ಬೇರೆ ಬೇಕು. ಅದು ಬೆಳಕು ಹೋಗಿ ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಬೆಳಕು ಒಂದು ಮೀಟರ್ ಸಾಗಲು ತೆಗೆದುಕೊಳ್ಳುವುದು ಸುಮಾರು 3.3 ನ್ಯಾನೋಸೆಕೆಂಡ್. ಅಂಚುಗಳು ಸ್ಪಷ್ಟವಾಗಿ ಬೇಕಿದ್ದರೆ ಅದೇ ಒಳ್ಳೆಯದು.

ಮಧ್ಯಾಹ್ನದ ಬಿಸಿಲಿನ ಕಣದಲ್ಲಿ ಮಾತ್ರ ಎರಡೂ ಸೋಲುತ್ತವೆ. ಸಂಜೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವ ಮುಂಚೆ, ಹೊತ್ತು ಮುಳುಗಿದ ಮೇಲೆ ಅಳೆಯಿರಿ. ಹೇಗೂ ರಾಶಿಯಾಗಿ ಸಿಗುವುದು ಆಗಲೇ. ಕಿನೆಕ್ಟನ್ನು ಹೊಸದಾಗಿ ಹುಡುಕಬೇಡಿ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ವಿಚಾರಿಸಿ, ಹಾಸನದಲ್ಲಂತೂ ಒಂದು ಬೇಡವಾಗಿ ಬಿದ್ದಿದೆ.