ಓದುಗರ ಪ್ರಶ್ನೆ: ಕಾಂಡ್ಲ ನೆಡುವ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ಅಘನಾಶಿನಿ ಹಿನ್ನೀರಿನ ಅಂಚಿನಲ್ಲಿ ಊರವರೆಲ್ಲ ಸೇರಿ ಎರಡು ಮಳೆಗಾಲ ಕಾಂಡ್ಲ (ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡ) ನೆಟ್ಟೆವು. ಮೊದಲ ಸಲದ್ದು ದೀಪಾವಳಿಯೊಳಗೆ ಪೂರ್ತಿ ಹೋಯಿತು. ಎರಡನೇ ಸಲ ಹತ್ತಕ್ಕೆ ಒಂದು ಉಳಿದಿದೆ. ಬೀಜ ಕೆಟ್ಟದ್ದೋ, ಮಣ್ಣು ಕೆಟ್ಟದ್ದೋ?
– ಕುಮಟಾ ತಾಲ್ಲೂಕಿನ ಓದುಗರು

ಉತ್ತರ: ಹೆಚ್ಚಿನ ಕಡೆ ಬೀಜವೂ ಸರಿ ಇರುತ್ತದೆ, ಮಣ್ಣೂ ಸರಿ ಇರುತ್ತದೆ. ತಪ್ಪಿರುವುದು ಜಾಗದ ಎತ್ತರ. ಸತ್ತ ಸಸಿಯನ್ನು ಕಿತ್ತು ನೋಡಿದರೆ ಕಾರಣ ಅದರಲ್ಲೇ ಸಿಗುತ್ತದೆ. ದೋಣಿಯ ತಳಕ್ಕೆ ಹತ್ತುವ ಬಾರ್ನಕಲ್ ಚಿಪ್ಪುಗಳು ಕಾಂಡದ ತುಂಬ ಅಂಟಿ ಸಸಿ ವಾಲಿದ್ದರೆ, ನೀವು ತೀರಾ ತಗ್ಗಿನಲ್ಲಿ ನೆಟ್ಟಿದ್ದೀರಿ. ದಿನದ ಬಹುಪಾಲು ನೀರಲ್ಲೇ ಮುಳುಗಿ ಅದು ಉಸಿರುಗಟ್ಟಿದೆ. ಎಲೆಯಂಚು ಸುಟ್ಟಂತಾಗಿ ಸುತ್ತಲಿನ ಮಣ್ಣಿನ ಮೇಲೆ ಉಪ್ಪಿನ ಬಿಳಿ ಪೊರೆ ಕಂಡರೆ ಜಾಗ ಎತ್ತರವಾಯಿತು. ಭರತದ (ಸಮುದ್ರದ ಉಬ್ಬರದ) ನೀರು ಅಲ್ಲಿಗೆ ಸರಿಯಾಗಿ ಬರುತ್ತಿಲ್ಲ. ಚಿಗುರು ಮಾತ್ರ ಕತ್ತರಿಸಿದಂತಿದ್ದರೆ ದನ ಮೇಯ್ದಿದೆ, ಬುಡ ಕೊರೆದಿದ್ದರೆ ಅದು ಏಡಿಯ ಕೆಲಸ.

ಎತ್ತರ ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಗಾರೆಯವರು ಮಟ್ಟ ಹಿಡಿಯುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಹತ್ತಿರದಲ್ಲಿ ತಾನಾಗಿಯೇ ಬೆಳೆದ ಕಾಂಡ್ಲದ ಬುಡದ ಮಟ್ಟ ಹಿಡಿದು, ಅದೇ ಮಟ್ಟವನ್ನು ಗೂಟದಿಂದ ಗೂಟಕ್ಕೆ ದಾಟಿಸುತ್ತ ನಿಮ್ಮ ಜಾಗಕ್ಕೆ ತನ್ನಿ. ಹತ್ತು ಸೆಂ.ಮೀ. ಹೆಚ್ಚುಕಡಿಮೆಯಾದರೆ ಪರವಾಗಿಲ್ಲ, ಒಂದು ಅಡಿಯಾದರೆ ಅಲ್ಲಿ ನೆಡಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತ ಒಂದು ಸಲ, ಅಷ್ಟಮಿಯ ಸಣ್ಣ ಭರತ ಒಂದು ಸಲ ಕಣ್ಣಾರೆ ನೋಡಿ, ನೀರು ಬಂದು ನಿಂತ ಗುರುತನ್ನು ಗೂಟದ ಮೇಲೆ ಹಾಕಿಕೊಳ್ಳಿ.

ಇನ್ನು ಬೀಜ. ನುಗ್ಗೆಕಾಯಿಯಂತೆ ಇಳಿಬಿದ್ದ ರೈಜೋಫೊರಾ ಜಾತಿಯ ಕಾಂಡ್ಲದ ಮೊಳಕೆಯ ಮೇಲ್ತುದಿಯ ಕೊರಳು ಹಳದಿಯಾದಾಗ ಅದು ಬಲಿತಿದೆ ಎಂದರ್ಥ. ಅದರ ಮೇಲಿನ ಕಾಯಿಯ ಟೊಪ್ಪಿಗೆಯನ್ನು ಎಳೆದು ಕಿತ್ತರೆ ಒಳಗಿನ ಎಳೆ ಕುಡಿ ಮುರಿಯುತ್ತದೆ, ತಾನಾಗಿ ಕಳಚಲು ಬಿಡಿ. ಚೂಪು ತುದಿ ಕೆಳಗೆ ಮಾಡಿ, ಉದ್ದದ ಮೂರನೇ ಒಂದು ಭಾಗ ಕೆಸರಿಗೆ ಒತ್ತಬೇಕು. 2 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 1,000 ಬೇಕು. ಸತ್ತಲ್ಲಿ ಮತ್ತೆ ನೆಡಲು ಇನ್ನೊಂದು 250 ಇಟ್ಟುಕೊಳ್ಳಿ. ಕೂಡಲೇ ನೆಡಲಾಗದಿದ್ದರೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ಅವಿಸೆನಿಯಾ ಎಂಬ ಇನ್ನೊಂದು ಜಾತಿಯ ಕಾಂಡ್ಲದ ಬೀಜ ಇಷ್ಟು ತಾಳಿಕೊಳ್ಳುವುದಿಲ್ಲ. ಅದನ್ನು ಹಿನ್ನೀರಲ್ಲಿ ಒಂದೆರಡು ದಿನ ನೆನೆಸಿ, ಸಿಪ್ಪೆ ಜಾರಿದ ಮೇಲೆ ಕೆಸರು ತುಂಬಿದ ಚೀಲದಲ್ಲಿ ಅರ್ಧ ಹುಗಿದು ಸಸಿ ಮಾಡಿ. ಬರೀ ಸಿಹಿನೀರು ಹಾಕಿ ಬೆಳೆಸಿದ ಸಸಿ ಉಪ್ಪಿಗೆ ಬಿದ್ದ ವಾರದಲ್ಲೇ ಸೊರಗುತ್ತದೆ. ಸಸಿಮಡಿಗೆ ಭರತದ ನೀರು ಮುಟ್ಟುವಂತಿರಲಿ.

ಪ್ರಶ್ನೆ: ನಮ್ಮಲ್ಲಿ ಗಜನಿ (ಹಿನ್ನೀರಿಗೆ ಕಟ್ಟೆ ಕಟ್ಟಿ ಮಾಡಿದ ಗದ್ದೆ) ಪಾಳು ಬಿದ್ದಿದೆ. ಕಟ್ಟೆ ಒಡೆದು ಕಾಂಡ್ಲ ಬೆಳೆಸೋಣ ಎಂದು ಕೆಲವರು, ಬೇಡ ಎಂದು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು. ಬಳಚು (ಕೆಸರಲ್ಲಿ ಸಿಗುವ ತಿನ್ನುವ ಚಿಪ್ಪು) ಹೆಕ್ಕುವ ಹೆಂಗಸರಿಗೂ ಇದು ಬೇಡ. ಏನು ಮಾಡುವುದು?

ಉತ್ತರ: ಬೇಡ ಎನ್ನುವವರ ಮಾತನ್ನೇ ಮೊದಲು ಕೇಳಿ, ಅದರಲ್ಲಿ ತಿರುಳಿದೆ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದೆ. ಆದರೆ ಅದನ್ನು ಇಷ್ಟು ವರ್ಷ ಉಳಿಸಿದ್ದು ಈ ಜನರ ದುಡಿಮೆ. ಬಳಚು ಸಿಗುವ ಕೆಸರು ಬಯಲು ಕಾಂಡ್ಲಕ್ಕೆ ತೀರಾ ತಗ್ಗು. ಅಲ್ಲಿ ನೆಟ್ಟರೆ ಸಸಿಯೂ ಸಾಯುತ್ತದೆ, ಹೆಕ್ಕುವವರ ಅನ್ನವೂ ಹೋಗುತ್ತದೆ.

ಇಳಿತದ ಹೊತ್ತಲ್ಲಿ ಎಲ್ಲರೂ ಒಟ್ಟಿಗೆ ನಡೆಯಿರಿ: ಗಜನಿ ರೈತರು, ಮೀನುಗಾರರು, ಬಳಚಿನವರು, ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅರಣ್ಯ ಇಲಾಖೆಯವರು. ಬಳಚಿನ ಜಾಗ, ದೋಣಿ ದಾರಿ, ಬಲೆ ಎಳೆಯುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಬಿಟ್ಟುಬಿಡಿ. ಉಳಿದದ್ದರಲ್ಲಿ ಮಾತ್ರ ನೆಡುವ ಮಾತು. ಗಜನಿ ಕಟ್ಟೆಯಲ್ಲಿ ನೀರು ಬಿಡುವ ಬಾಗಿಲಿನ ಹಲಗೆ ಯಾರು, ಯಾವಾಗ ಎತ್ತುತ್ತಾರೆ, ಮೊದಲ ಮೂರು ವರ್ಷ ದನ ಯಾರು ತಡೆಯುತ್ತಾರೆ ಎಂಬುದನ್ನು ಬರೆದು ಎಲ್ಲರೂ ಸಹಿ ಹಾಕಿ. ಹಲಗೆಯ ವಿಷಯ ಬಾಯಿಮಾತಲ್ಲಿ ಬಿಟ್ಟರೆ ಜಗಳ ಅಲ್ಲಿಂದಲೇ ಏಳುತ್ತದೆ.

ಪಕ್ಕದಲ್ಲಿ ಕಗ್ಗ ಬೆಳೆಯುತ್ತಿದ್ದರೆ ಕಟ್ಟೆ ಒಡೆಯಲೇಬೇಡಿ, ಉಪ್ಪುನೀರು ಹೊತ್ತಲ್ಲದ ಹೊತ್ತಲ್ಲಿ ಅವರ ಗದ್ದೆಗೂ ನುಗ್ಗುತ್ತದೆ. ಕಟ್ಟೆಯ ಹೊರಬದಿಗೆ ಕಾಂಡ್ಲ ನೆಡಿ. ತೆರೆಯ ಹೊಡೆತ ಅದು ತಿನ್ನುತ್ತದೆ, ಕಟ್ಟೆ ಉಳಿಯುತ್ತದೆ. ಬಾಗಿಲಿನ ಎದುರು ಮಾತ್ರ ಬೇಡ, ನೀರಿನ ದಾರಿ ಕಟ್ಟುತ್ತದೆ. ಪೂರ್ತಿ ಪಾಳು ಬಿದ್ದ ಗಜನಿಗೆ ಮಾಲೀಕರೆಲ್ಲ ಒಪ್ಪಿದರೆ, ಹೂಳು ತುಂಬಿದ ಹಳೆಯ ಕಾಲುವೆಗಳನ್ನು ಬಿಡಿಸಿ ಭರತ ಇಳಿತ ಎರಡೂ ಆಡುವಂತೆ ಮಾಡಿ. ಹತ್ತಿರ ತಾಯಿಮರಗಳಿದ್ದರೆ ಬೀಜ ನೀರಲ್ಲೇ ತೇಲಿ ಬರುತ್ತದೆ. ಎರಡು ಮಳೆಗಾಲ ಕಾದು ನೋಡಿ, ಬಾರದ ಕಡೆ ಮಾತ್ರ ನೆಟ್ಟರಾಯಿತು.

ಪ್ರಶ್ನೆ: ಕಾಂಡ್ಲದ ಹಿಂದೆ ಗೋಣಿಸೊಪ್ಪಿನಂಥ ದಪ್ಪ ಎಲೆಯ ಬಳ್ಳಿ, ಹುಲ್ಲು ಮಾತ್ರ ಇರುವ ಜಾಗವಿದೆ. ಅಲ್ಲೂ ನೆಡಬಹುದೇ?

ಉತ್ತರ: ಬೇಡ. ಅಂಥ ಜಾಗಕ್ಕೇ ಉಪ್ಪು ಜೌಗು ಎನ್ನುವುದು. ಆ ಬಳ್ಳಿ ಬಹುಶಃ ಸೆಸುವಿಯಂ. ಕಾಂಡ್ಲ, ಕೆಸರು ಬಯಲುಗಳಂತೆ ಇದೂ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅತಿ ಸೂಕ್ಷ್ಮ ಜಾಗಗಳ 1ಎ ವರ್ಗದಲ್ಲಿದೆ. ಅಲ್ಲಿ ಮಣ್ಣು ಸುರಿಯದಂತೆ, ವಾಹನ ಹಾಯದಂತೆ ನೋಡಿಕೊಳ್ಳಿ. ಬಳ್ಳಿ ಅಳಿದಿದ್ದರೆ ಪಕ್ಕದಿಂದ ಗೇಣುದ್ದದ ತುಂಡು ತಂದು, ಎರಡು ಗಿಣ್ಣು ಮಣ್ಣೊಳಗಿರುವಂತೆ ಮಳೆಗಾಲದಲ್ಲಿ ಊರಿದರೆ ಬೇರು ಬಿಡುತ್ತದೆ.