ಒಪ್ಪಂದದಲ್ಲಿ ಏನು ಬರೆದಿದೆ?

ಸೇನಾ ಮೈತ್ರಿಗಳ ಬಗ್ಗೆ ರಾಜ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಸಂದರ್ಶನವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿದ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: ‘ಬಂದೂಕು ಹಿಡಿಯದ, ಗಡಿ ಕಾಯದ ಮೇಷ್ಟ್ರಿಗೆ ಯುದ್ಧದ ವಿಷಯ ಏನು ಗೊತ್ತು? ಯಾವ ಪ್ರಶ್ನೆ ಕೇಳಿದರೂ ಒಪ್ಪಂದದ ಒಕ್ಕಣೆ ನೋಡಬೇಕು ಎನ್ನುತ್ತಾ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆ. ಅಮೆರಿಕ, ಕೆನಡಾ, ಯುರೋಪ್ ದೇಶಗಳ ಸೇನಾ ಮೈತ್ರಿಯಾದ ನ್ಯಾಟೊದ ಐದನೇ ವಿಧಿ ಒಂದೇ ಮಾತು: ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ. ಇದಕ್ಕೆ ಪಾಂಡಿತ್ಯ ಯಾಕೆ ಬೇಕು? ಟಿ.ವಿ.ಗೆ ಬರುವ ನಿವೃತ್ತ ಸೇನಾಧಿಕಾರಿಗಳು ಹೌದು, ಇಲ್ಲ ಎಂದು ನೇರವಾಗಿ ಹೇಳುತ್ತಾರೆ. ಫಿನ್ಲೆಂಡ್ ಮೇಲೆ ದಾಳಿಯಾದರೆ ಅಮೆರಿಕ ಯುದ್ಧಕ್ಕೆ ಇಳಿಯುತ್ತದೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳಿ.’

ಮಾನ್ಯರೇ, ನಾಲ್ಕು ಪುಟ ಜಗಳವಾಡುವಷ್ಟು ಶ್ರದ್ಧೆಯಿಂದ ನೀವು ಸಂದರ್ಶನ ಓದಿದ್ದೀರಿ. ಅಂಥ ಓದುಗರಿಗಾಗಿಯೇ ಪತ್ರಿಕೆ ನಡೆಯುತ್ತಿದೆ.

ಸಮವಸ್ತ್ರದ ಅನುಭವಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಪೋಲೆಂಡ್‌ನ ರೈಲು ಹಳಿಯ ಅಗಲ 1435 ಮಿಲಿಮೀಟರ್. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಹರಡಿರುವ ಹಳೆಯ ಹಳಿ 1520 ಮಿಲಿಮೀಟರ್. ಆ ಹಳಿ ಶುರುವಾಗುವಲ್ಲಿ ಟ್ಯಾಂಕುಗಳನ್ನು ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಇದಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ, ಯಾವ ಸೇತುವೆ ಎಷ್ಟು ಟನ್ ತಾಳುತ್ತದೆ ಎಂಬುದನ್ನು ಹೇಳಬೇಕಾದವರು ಸೇನೆಯವರೇ.

ಆದರೆ ನೀವು ಕೇಳಿದ ಪ್ರಶ್ನೆ ಬೇರೆ. ಒಂದು ದೇಶ ಇನ್ನೊಂದು ದೇಶಕ್ಕಾಗಿ ಯುದ್ಧಕ್ಕೆ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಅದು ಕೊಟ್ಟ ಮಾತಿನ ಪ್ರಶ್ನೆ. ಮಾತು ಕೊಟ್ಟದ್ದು ಯಾರಿಗೆ, ಯಾವ ಸಂದರ್ಭಕ್ಕೆ, ಎಷ್ಟರ ಮಟ್ಟಿಗೆ ಎಂಬುದು ಕಾಗದದ ಮೇಲಿದೆ, ಅದನ್ನು ಓದಬೇಕು.

ನಿಮ್ಮ ಐದನೇ ವಿಧಿಯನ್ನೇ ಓದೋಣ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿ ನ್ಯಾಟೊ ಕಟ್ಟಿದ ಈ ಒಪ್ಪಂದದಲ್ಲಿ ಇರುವುದೇ 14 ವಿಧಿ. ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ನೀವು ಉದ್ಧರಿಸಿದ್ದು ಐದನೆಯದರ ಮೊದಲ ಭಾಗ ಮಾತ್ರ. ದಾಳಿಯಾದರೆ ಮಾಡುವುದೇನು ಎಂಬುದು ಅದರ ಮುಂದಿದೆ: ಪ್ರತಿಯೊಂದು ದೇಶವೂ ಒಂಟಿಯಾಗಿ ಮತ್ತು ಉಳಿದವರ ಜೊತೆಗೂಡಿ, ಸಶಸ್ತ್ರ ಬಲದ ಬಳಕೆಯೂ ಸೇರಿದಂತೆ, ತನಗೆ ಅಗತ್ಯವೆಂದು ಕಂಡ ಕ್ರಮವನ್ನು ಕೂಡಲೇ ಕೈಗೊಂಡು ದಾಳಿಗೊಳಗಾದವರಿಗೆ ನೆರವಾಗಬೇಕು. ‘ತನಗೆ ಅಗತ್ಯವೆಂದು ಕಂಡ’ ಎಂಬಲ್ಲಿ ಸ್ವಲ್ಪ ನಿಲ್ಲಿ. ನೆರವಾಗುವುದು ಕಡ್ಡಾಯ. ಯಾವ ನೆರವು ಎಂಬುದನ್ನು ತೀರ್ಮಾನಿಸುವವರು ಕೊಡುವವರೇ. ‘ಸೇರಿದಂತೆ’ ಎಂದರೆ ಸೇನೆ ಕಳಿಸುವುದೂ ಒಂದು ದಾರಿ, ಅದೊಂದೇ ದಾರಿಯಲ್ಲ.

ಈ ಸಡಿಲ ಕೈತಪ್ಪಿ ಬಂದದ್ದಲ್ಲ. ಅದರ ಹಿಂದಿನ ವರ್ಷ, 1948ರ ಮಾರ್ಚ್‌ನಲ್ಲಿ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿ ಮಾಡಿಕೊಂಡ ಬ್ರಸೆಲ್ಸ್ ಒಪ್ಪಂದದ ನಾಲ್ಕನೇ ವಿಧಿ ತಮ್ಮ ಶಕ್ತಿಯಲ್ಲಿರುವ ಎಲ್ಲ ಸೇನಾ ನೆರವನ್ನೂ ಇತರ ನೆರವನ್ನೂ ಕೊಡಬೇಕು ಎನ್ನುತ್ತದೆ. ಯುರೋಪಿನವರು ವಾಷಿಂಗ್ಟನ್‌ನಲ್ಲೂ ಅಷ್ಟೇ ಬಿಗಿಯಾದ ಮಾತು ಬಯಸಿದ್ದರು. ಅಮೆರಿಕದ ಸಂವಿಧಾನದಲ್ಲಿ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್‌ಗೆ ಸೇರಿದ್ದು. ಸೆನೆಟರ್‌ಗಳಾದ ಟಾಮ್ ಕೊನಲಿ, ಆರ್ಥರ್ ವಾಂಡನ್‌ಬರ್ಗ್ ಇದನ್ನೇ ಹಿಡಿದು ಕೂತರು. ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಇವರಿಗೂ ಯುರೋಪಿನ ರಾಯಭಾರಿಗಳಿಗೂ ನಡುವೆ ಓಡಾಡಿ ಒಪ್ಪಿಗೆಯಾಗುವ ವಾಕ್ಯ ಕಟ್ಟಿದರು. ಇಷ್ಟೆಲ್ಲ ಆದಮೇಲೆ ಸೆನೆಟ್‌ನಲ್ಲಿ 82–13 ಮತಗಳಿಂದ ಒಪ್ಪಂದಕ್ಕೆ ಅನುಮೋದನೆ ಸಿಕ್ಕಿತು.

ಐದನೇ ವಿಧಿ ಚಾಲನೆಗೆ ಬಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ಭಯೋತ್ಪಾದಕ ದಾಳಿ ನಡೆದಾಗ. ಸೆಪ್ಟೆಂಬರ್ 12ರಂದು ನ್ಯಾಟೊ ಮಂಡಳಿ ಹೊರಡಿಸಿದ ಹೇಳಿಕೆಯಲ್ಲೂ ಒಂದು ‘ರೆ’ ಇತ್ತು: ದಾಳಿ ವಿದೇಶದಿಂದ ನಡೆದದ್ದು ಎಂದು ಖಚಿತವಾದರೆ. ಖಚಿತವಾಯಿತೆಂದು ಹೇಳಿದ್ದು ಅಕ್ಟೋಬರ್ 2ರಂದು. ಆಮೇಲೆ ಬಂದ ನೆರವಿನಲ್ಲಿ ಮುಖ್ಯವಾದದ್ದು ಅಮೆರಿಕದ ಆಕಾಶ ಕಾಯಲು ಹೋದ ನ್ಯಾಟೊದ ಅವಾಕ್ಸ್ ರೇಡಾರ್ ವಿಮಾನಗಳು. 13 ದೇಶಗಳ ಸಿಬ್ಬಂದಿ 2002ರ ಮೇವರೆಗೆ 360ಕ್ಕೂ ಹೆಚ್ಚು ಸಲ ಹಾರಾಟ ನಡೆಸಿದರು.

ಆರನೇ ವಿಧಿಯನ್ನಂತೂ ಟಿ.ವಿ.ಯಲ್ಲಿ ಯಾರೂ ಓದುವುದಿಲ್ಲ. ದಾಳಿ ಎಲ್ಲಿ ನಡೆದರೆ ಐದನೇ ವಿಧಿ ಅನ್ವಯಿಸುತ್ತದೆ ಎಂದು ಹೇಳುವುದು ಅದು. ಯುರೋಪ್, ಉತ್ತರ ಅಮೆರಿಕ, ಟರ್ಕಿ, ಕರ್ಕಾಟಕ ವೃತ್ತದ ಉತ್ತರಕ್ಕಿರುವ ಉತ್ತರ ಅಟ್ಲಾಂಟಿಕ್ ದ್ವೀಪಗಳು ಅದರೊಳಗಿವೆ. 1982ರಲ್ಲಿ ಅರ್ಜೆಂಟೀನಾ ಫಾಕ್‌ಲ್ಯಾಂಡ್ಸ್ ಆಕ್ರಮಿಸಿದಾಗ ಬ್ರಿಟನ್ ನ್ಯಾಟೊ ಸದಸ್ಯನೇ ಆಗಿದ್ದರೂ ಐದನೇ ವಿಧಿಯ ಮಾತು ಬರಲಿಲ್ಲ. ದ್ವೀಪಗಳು ದಕ್ಷಿಣ ಅಟ್ಲಾಂಟಿಕ್‌ನಲ್ಲಿದ್ದವು. ಅಮೆರಿಕದ್ದೇ ರಾಜ್ಯವಾದ ಹವಾಯಿ ಕೂಡ ಈ ಗೆರೆಯ ಹೊರಗಿದೆ.

ಇಟಲಿ 1914ರಲ್ಲಿ ದ್ರೋಹ ಬಗೆಯಿತು ಎಂದು ನಿಮ್ಮ ಪತ್ರದ ಎರಡನೇ ಪುಟದಲ್ಲಿದೆ. ಬೇಡ ಸ್ವಾಮಿ, ಅಷ್ಟು ಬೇಗ ತೀರ್ಪು ಕೊಡಬೇಡಿ. ಜರ್ಮನಿ, ಆಸ್ಟ್ರಿಯಾ–ಹಂಗೆರಿ, ಇಟಲಿಗಳ 1882ರ ತ್ರಿಪಕ್ಷೀಯ ಮೈತ್ರಿ ರಕ್ಷಣೆಗಾಗಿ ಆದದ್ದು. 1914ರಲ್ಲಿ ಸರ್ಬಿಯಾದ ಮೇಲೆ ಯುದ್ಧ ಘೋಷಿಸಿದ್ದು ಆಸ್ಟ್ರಿಯಾ, ಅದೂ ಇಟಲಿಯನ್ನು ಕೇಳದೆ. ತಟಸ್ಥವಾಗಿ ಉಳಿಯಲು ಇಟಲಿಗೆ ಒಪ್ಪಂದದಲ್ಲೇ ಆಧಾರವಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಗುಟ್ಟಾಗಿ ಸಹಿ ಹಾಕಿ ಎದುರು ಪಾಳಯ ಸೇರಿದ್ದು ಬೇರೆ ಕತೆ, ಅದನ್ನು ಬೇರೆಯಾಗಿಯೇ ತೂಗಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಪೋಲೆಂಡ್‌ನ ಪ್ರಕರಣ. 1939ರ ಆಗಸ್ಟ್ 25ರಂದು ಸಹಿಯಾದ ಬ್ರಿಟನ್–ಪೋಲೆಂಡ್ ಒಪ್ಪಂದದ ಬಹಿರಂಗ ಪಠ್ಯದಲ್ಲಿ ‘ಯುರೋಪಿನ ಒಂದು ಶಕ್ತಿ’ ದಾಳಿ ಮಾಡಿದರೆ ಎಂದಿತ್ತು. ಆಗ ಪ್ರಕಟವಾಗದ ಗುಪ್ತ ಅನುಬಂಧದಲ್ಲಿ ಆ ಶಕ್ತಿ ಎಂದರೆ ಜರ್ಮನಿ ಎಂದು ಬರೆದಿತ್ತು. ಬೇರೆ ಯಾರಾದರೂ ದಾಳಿ ಮಾಡಿದರೆ ಸಮಾಲೋಚನೆ ಮಾತ್ರ. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿದಾಗ ಬ್ರಿಟನ್ ಮಾಸ್ಕೋ ಮೇಲೆ ಯುದ್ಧ ಘೋಷಿಸಲಿಲ್ಲ. ಬಹಿರಂಗ ಪಠ್ಯವನ್ನಷ್ಟೇ ಬಲ್ಲವರು ಇದನ್ನು ವಚನಭಂಗ ಎನ್ನುತ್ತಾರೆ. ಅನುಬಂಧ ಓದಿದವರು ಬ್ರಿಟನ್ ಮೊದಲೇ ಬಾಗಿಲು ತೆರೆದಿಟ್ಟುಕೊಂಡಿತ್ತು ಎನ್ನುತ್ತಾರೆ. ಚೆಕೊಸ್ಲೊವಾಕಿಯಾದ್ದೂ ಇಂಥದೇ ಸ್ಥಿತಿ. 1935ರ ಸೋವಿಯತ್ ಒಪ್ಪಂದದಲ್ಲಿ ಫ್ರಾನ್ಸ್ ಮೊದಲು ನೆರವಿಗೆ ಬಂದರೆ ಮಾತ್ರ ಮಾಸ್ಕೋಗೆ ಬಾಧ್ಯತೆ ಎಂಬ ಷರತ್ತಿತ್ತು. 1938ರಲ್ಲಿ ಜರ್ಮನಿ ಚೆಕ್ ನೆಲಕ್ಕೆ ಕೈಹಾಕಿದಾಗ ಫ್ರಾನ್ಸ್ ಬರಲಿಲ್ಲ. ಅಲ್ಲಿಗೆ ಆ ಸರಪಳಿ ಕಳಚಿತು.

ಹೀಗೆ ಒಕ್ಕಣೆ ಓದುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಅಂಕಿಗಳಲ್ಲೇ ಸಾಕ್ಷಿಯಿದೆ. ಯುದ್ಧ ಬಂದಾಗ ಮಿತ್ರರು ಮಾತು ಉಳಿಸಿಕೊಳ್ಳುವುದು ಶೇ 27ರಷ್ಟು ಸಲ ಮಾತ್ರ ಎಂದು ಆಲನ್ ಸಬ್ರೋಸ್ಕಿ ಎಂಬ ಸಂಶೋಧಕರು 1980ರಲ್ಲಿ ಲೆಕ್ಕ ಹಾಕಿದ್ದರು. ಒಪ್ಪಂದಗಳೆಲ್ಲ ಬರೀ ಕಾಗದ ಎನ್ನುವವರಿಗೆ ಇದು ಬಹಳ ಹಿಡಿಸಿತು. ಆಮೇಲೆ ಬ್ರೆಟ್ ಆ್ಯಶ್ಲೀ ಲೀಡ್ಸ್ ಎಂಬ ರಾಜ್ಯಶಾಸ್ತ್ರಜ್ಞೆ ಸಂಗಡಿಗರೊಂದಿಗೆ ಒಪ್ಪಂದಗಳನ್ನು ಒಂದೊಂದಾಗಿ ಬಿಡಿಸಿದರು. ಇದು ರಕ್ಷಣೆಗೋ ಆಕ್ರಮಣಕ್ಕೋ, ತಟಸ್ಥವಾಗಿರುವ ಭರವಸೆಯೋ, ಪರಸ್ಪರ ಆಕ್ರಮಣ ಮಾಡೆವೆಂಬ ಕರಾರೋ, ಬರೀ ಸಮಾಲೋಚನೆಯೋ? ಯಾವ ಶತ್ರು, ಯಾವ ಪ್ರದೇಶ? ಷರತ್ತು ಪೂರೈಸಿದ ಯುದ್ಧಗಳನ್ನು ಮಾತ್ರ ಎಣಿಸಿದಾಗ 1816ರಿಂದ 1944ರವರೆಗಿನ ಅವಧಿಯಲ್ಲಿ ಶೇ 74.5ರಷ್ಟು ಸಲ ಮಾತು ನಡೆದಿತ್ತು. ಆ ಬದಲಾವಣೆ ತಂದವರು ಬಂದೂಕು ಹಿಡಿದವರಲ್ಲ, ಹಳೆಯ ಒಪ್ಪಂದಗಳ ಮುಂದೆ ವರ್ಷಗಟ್ಟಲೆ ಕೂತವರು.

2003ರವರೆಗಿನ ಯುದ್ಧಗಳನ್ನು ಸೇರಿಸಿ 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಈ ಪ್ರಮಾಣ ಒಟ್ಟಾರೆ ಶೇ 50ರ ಆಸುಪಾಸಿಗೆ ಇಳಿಯಿತು. 1945ರ ನಂತರದ್ದು ಶೇ 22 ಮಾತ್ರ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಇಂಥ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ಎಲ್ಲರೂ ನಂಬುವ ಗಟ್ಟಿ ಮೈತ್ರಿಯ ತಂಟೆಗೆ ಶತ್ರು ಬರುವುದೇ ಇಲ್ಲ. ಹಾಗಾಗಿ ಅದು ಈ ಲೆಕ್ಕದೊಳಗೂ ಬರುವುದಿಲ್ಲ. ಪರೀಕ್ಷೆಗೆ ಒಳಗಾಗುವುದು ಹೆಚ್ಚಾಗಿ ಅಲ್ಲಾಡುವ ಮೈತ್ರಿಗಳು. ನಿಮ್ಮ ದೃಷ್ಟಿಯಲ್ಲಿ ‘ನುಣುಚಿಕೊಂಡ’ ಪ್ರಾಧ್ಯಾಪಕರು ಸಂದರ್ಶನದಲ್ಲಿ ಹೇಳಿದ್ದು ಇದನ್ನೇ. ದಯವಿಟ್ಟು ಮೂರನೇ ಉತ್ತರವನ್ನು ಇನ್ನೊಮ್ಮೆ ಓದಿ.

ಕಾಗದವೊಂದೇ ಸಾಕು ಎಂದು ಅವರೂ ಹೇಳಿಲ್ಲ, ನಾವೂ ಹೇಳುವುದಿಲ್ಲ. ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯ ನಾಲ್ಕನೇ ವಿಧಿಯೂ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಅದರಡಿ 2022ರ ಜನವರಿಯಲ್ಲಿ ಕಜಾಕಸ್ತಾನ ಕರೆದಾಗ ಪಡೆಗಳು ತಡವಿಲ್ಲದೆ ಹೋದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ದಾಳಿಗೊಳಗಾದ ಅರ್ಮೇನಿಯಾ ಅದೇ ವಿಧಿಯಡಿ ಕರೆದಾಗ ಹೋದದ್ದು ಪರಿಶೀಲನಾ ತಂಡ. ವಿಧಿ ಒಂದೇ, ಹಿತಾಸಕ್ತಿ ಬೇರೆ. ಆದರೆ ವಿಧಿ ಓದದವರಿಗೆ ಇಲ್ಲಿ ಏನು ಮುರಿಯಿತು ಎಂಬುದೇ ತಿಳಿಯುವುದಿಲ್ಲ.

ಈಗ ನಮ್ಮ ಬಹುದಿನದ ಸಂಕಟವನ್ನೂ ಹೇಳಿಬಿಡುತ್ತೇವೆ. ಕನ್ನಡ ಪತ್ರಿಕೆಗಳಲ್ಲಿ ‘ಮಿತ್ರರಾಷ್ಟ್ರ’ ಎಂಬ ಒಂದೇ ಪದ ಎಲ್ಲ ಗಾಡಿಗಳಿಗೂ ಎತ್ತಾಗಿದೆ. ಜಪಾನ್ ಜೊತೆ ಅಮೆರಿಕಕ್ಕೆ 1960ರ ಒಪ್ಪಂದವಿದೆ. ಜಪಾನಿನ ಆಡಳಿತದಲ್ಲಿರುವ ನೆಲದ ಮೇಲೆ ದಾಳಿಯಾದರೆ ಏನು ಎಂಬುದು ಅದರಲ್ಲಿದೆ. ಪಾಕಿಸ್ತಾನಕ್ಕೆ 2004ರಲ್ಲಿ ಸಿಕ್ಕ ‘ಪ್ರಮುಖ ನ್ಯಾಟೊಯೇತರ ಮಿತ್ರ’ ಎಂಬ ಪಟ್ಟ ಅಮೆರಿಕದ ಕಾನೂನಿನ ಒಂದು ವರ್ಗ. ಅದರಿಂದ ಶಸ್ತ್ರ ಖರೀದಿಗೆ, ಸಾಲಕ್ಕೆ ಅನುಕೂಲವಾಗುತ್ತದೆ, ರಕ್ಷಣೆಯ ಬಾಧ್ಯತೆ ಎಳ್ಳಷ್ಟೂ ಇಲ್ಲ. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಕ್ವಾಡ್‌ಗೆ ಒಪ್ಪಂದವೇ ಇಲ್ಲ. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕಗಳ ಆಕಸ್ ಇರುವುದು ಜಲಾಂತರ್ಗಾಮಿ ಮತ್ತು ತಂತ್ರಜ್ಞಾನಕ್ಕಾಗಿ. ಇವೆಲ್ಲಕ್ಕೂ ಮಿತ್ರರಾಷ್ಟ್ರ, ಮೈತ್ರಿಕೂಟ ಎಂದೇ ಬರೆದರೆ ಓದುಗನಿಗೆ ತಿಳಿಯುವುದಾದರೂ ಏನು? 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದವನ್ನು ಇಂದಿಗೂ ಸೇನಾ ಮೈತ್ರಿ ಎಂದು ಬರೆಯುವವರಿದ್ದಾರೆ. ಅದರ ಒಂಬತ್ತನೇ ವಿಧಿ ದಾಳಿಯ ಬೆದರಿಕೆ ಬಂದರೆ ಕೂಡಲೇ ಸಮಾಲೋಚಿಸಿ ಸೂಕ್ತ, ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಸೇನೆ ಕಳಿಸುವ ಮಾತು ಅಲ್ಲಿಲ್ಲ. 1994ರ ಬುಡಾಪೆಸ್ಟ್ ದಸ್ತಾವೇಜಿನಲ್ಲಿ ಅಣ್ವಸ್ತ್ರ ಬಿಟ್ಟುಕೊಟ್ಟ ಉಕ್ರೇನ್‌ಗೆ ಸಿಕ್ಕದ್ದು ಭದ್ರತೆಯ ‘ಆಶ್ವಾಸನೆ’, ‘ಖಾತರಿ’ ಅಲ್ಲ. ಆ ಎರಡು ಪದಗಳ ನಡುವಿನ ಅಂತರಕ್ಕೆ ತೆತ್ತ ಬೆಲೆ ನಮ್ಮೆಲ್ಲರ ಕಣ್ಣ ಮುಂದಿದೆ.

ಟಿ.ವಿ.ಯ ನೇರ ಉತ್ತರಗಳ ಬಗ್ಗೆಯೂ ಒಂದು ಮಾತು. ಫಿಲಿಪ್ ಟೆಟ್ಲಾಕ್ ಎಂಬ ಮನೋವಿಜ್ಞಾನಿ ಸುಮಾರು ಎರಡು ದಶಕ 284 ಪರಿಣತರ ರಾಜಕೀಯ ಮುನ್ಸೂಚನೆಗಳನ್ನು ಬರೆದಿಟ್ಟುಕೊಂಡು ಆಮೇಲೆ ನಡೆದದ್ದರ ಜೊತೆ ತಾಳೆ ನೋಡಿದರು. ಪ್ರಾಧ್ಯಾಪಕರೂ ಸೇರಿ ಯಾರ ಫಲಿತಾಂಶವೂ ಹೆಮ್ಮೆಪಡುವಂತಿರಲಿಲ್ಲ. ಅವರಲ್ಲಿ ಮಾಧ್ಯಮಗಳಲ್ಲಿ ಹೆಚ್ಚು ಹೆಸರು ಮಾಡಿದವರು, ಒಂದೇ ದೊಡ್ಡ ತತ್ವ ಹಿಡಿದು ಅನುಮಾನವಿಲ್ಲದೆ ಮಾತಾಡಿದವರು ಇನ್ನೂ ಹೆಚ್ಚು ಎಡವಿದ್ದರು. ನೀವು ಮೆಚ್ಚಿದ ‘ಹೌದು, ಇಲ್ಲ’ ಶೈಲಿಯೇ ಅದು. 2025ರ ಸೆಪ್ಟೆಂಬರ್‌ನಲ್ಲಿ ಸೌದಿ ಅರೇಬಿಯಾ–ಪಾಕಿಸ್ತಾನ ರಕ್ಷಣಾ ಒಪ್ಪಂದಕ್ಕೆ ಸಹಿ ಬಿದ್ದಾಗ ಹೊರಬಂದದ್ದು ಜಂಟಿ ಹೇಳಿಕೆ ಮಾತ್ರ, ಪೂರ್ತಿ ಪಠ್ಯವಲ್ಲ. ಪಠ್ಯ ನೋಡದೆ ಹೇಳಲಾರೆ ಎನ್ನುವವರನ್ನು ಅಂಥ ದಿನ ಚರ್ಚೆಗೆ ಯಾರು ಕರೆಯುತ್ತಾರೆ? ಅರಿವಿರುವವರ ಎಚ್ಚರವನ್ನು ಹೇಡಿತನವೆಂದು ಬಗೆಯುವ ಅಭ್ಯಾಸ ಬೆಳೆಯುತ್ತಿದೆ. ನಿಮ್ಮಂಥ ಓದುಗರೂ ಅದರ ಜೊತೆ ಸೇರಿಕೊಂಡರೆ ನಮಗೆ ನಿಜಕ್ಕೂ ನೋವಾಗುತ್ತದೆ.

ಇನ್ನು ಫಿನ್ಲೆಂಡ್. ಅದು 2023ರ ಏಪ್ರಿಲ್ 4ರಿಂದ ಸದಸ್ಯ, ಅದರ ನೆಲ ಆರನೇ ವಿಧಿಯ ಗೆರೆಯೊಳಗಿದೆ. ದಾಳಿಯಾದರೆ 32 ದೇಶಗಳ ಮಂಡಳಿ ಸೇರುತ್ತದೆ, ಅಲ್ಲಿ ತೀರ್ಮಾನವಾಗುವುದು ಸಹಮತದಿಂದ. ಆಮೇಲೆ ಏನು ಕಳಿಸಬೇಕೆಂದು ಒಂದೊಂದು ದೇಶವೂ ತಾನೇ ನಿರ್ಧರಿಸುತ್ತದೆ. ಅಮೆರಿಕದಲ್ಲಿ ಯುದ್ಧ ಘೋಷಣೆ ಕಾಂಗ್ರೆಸ್‌ನ ಕೆಲಸವಾದರೂ 1950ರಲ್ಲಿ ಕೊರಿಯಾಕ್ಕೆ ಸೇನೆ ಹೋದದ್ದು ಘೋಷಣೆಯಿಲ್ಲದೆ. 1973ರ ಯುದ್ಧಾಧಿಕಾರ ಕಾಯ್ದೆಯಂತೆ ಅಧ್ಯಕ್ಷರು 48 ಗಂಟೆಯೊಳಗೆ ಕಾಂಗ್ರೆಸ್‌ಗೆ ವರದಿ ಕೊಡಬೇಕು. ಅನುಮತಿ ಸಿಗದಿದ್ದರೆ 60 ದಿನಗಳ ಗಡುವು. 2023ರ ಡಿಸೆಂಬರ್‌ನಲ್ಲಿ ಸಹಿಯಾದ ಪ್ರತ್ಯೇಕ ಒಪ್ಪಂದದಿಂದ ಫಿನ್ಲೆಂಡ್‌ನ 15 ನೆಲೆ ಹಾಗೂ ಪ್ರದೇಶಗಳು ಅಮೆರಿಕದ ಪಡೆಗಳ ಬಳಕೆಗೆ ತೆರೆದಿವೆ. ಅಮೆರಿಕದವರು ಅಲ್ಲಿದ್ದಾಗಲೇ ದಾಳಿಯಾದರೆ ವಾಷಿಂಗ್ಟನ್‌ನಲ್ಲಿ ನಡೆಯುವ ಚರ್ಚೆಯೇ ಬೇರೆಯಾಗುತ್ತದೆ. ಐರೋಪ್ಯ ಒಕ್ಕೂಟದ ಒಪ್ಪಂದದ 42.7ನೇ ವಿಧಿ ಫಿನ್ಲೆಂಡ್‌ಗಿರುವ ಇನ್ನೊಂದು ಆಸರೆ. ಶಕ್ತಿಯಲ್ಲಿರುವ ಎಲ್ಲ ಬಗೆಯಿಂದಲೂ ನೆರವಾಗಬೇಕೆನ್ನುವ ಅದರ ಮಾತು ನ್ಯಾಟೊದ್ದಕ್ಕಿಂತ ಬಿಗಿ. ಹಾಗಾಗಿ ನೆರವು ಬರುತ್ತದೆಯೇ ಎಂದರೆ ಹೌದು, ಅದು ಬಾಧ್ಯತೆ. ಅಮೆರಿಕದ ಸೈನಿಕರೇ ಬರುತ್ತಾರೆಯೇ ಎಂದರೆ ಒಪ್ಪಂದ ಅದಕ್ಕೆ ದಾರಿ ಮಾಡಿಕೊಟ್ಟಿದೆ, ಕಟ್ಟುಪಾಡು ಹಾಕಿಲ್ಲ. ಇದನ್ನು ಒಂದೇ ಮಾತಿಗೆ ಇಳಿಸಿದರೆ ಸುಳ್ಳಾಗುತ್ತದೆ, ಅದಕ್ಕೇ ಇಳಿಸುತ್ತಿಲ್ಲ.

ಮುಂದಿನ ಸಂಚಿಕೆಯಲ್ಲಿ ವಾಷಿಂಗ್ಟನ್ ಒಪ್ಪಂದದ 14 ವಿಧಿಗಳೂ ಕನ್ನಡದಲ್ಲಿ ಬರಲಿವೆ. ಅನುವಾದವನ್ನು ಅದೇ ಪ್ರಾಧ್ಯಾಪಕರು ತಿದ್ದಿಕೊಡುತ್ತಿದ್ದಾರೆ. ಪೆನ್ಸಿಲ್ ಹಿಡಿದು ಓದಿ, ಐದನೆಯದರ ಜೊತೆ ಆರನೆಯದನ್ನೂ ಓದಿ, ಸದಸ್ಯತ್ವ ಬಿಡುವ ದಾರಿ ಹೇಳುವ ಹದಿಮೂರನೆಯದನ್ನೂ ಬಿಡಬೇಡಿ. ಓದಿದ ಮೇಲೂ ಜಗಳ ಉಳಿದರೆ ಬರೆಯಿರಿ. ನಿಮ್ಮ ಪತ್ರಕ್ಕೆಂದು ಎರಡು ಪುಟ ತೆಗೆದಿಡುತ್ತೇವೆ.